ಉತ್ತರ ಕೊಡದ ರಾಜ

೧೯೯೭ರ ಡಿಸೆಂಬರಿನ ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ, ಶಿರಸಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಪ್ರೌಢಶಾಲೆಯ ಹತ್ತನೇ ತರಗತಿಯ ಕೋಣೆ. ಹಾಜರಿದ್ದವರು ತರಗತಿಯ ಮಕ್ಕಳು, ನಾನು, ಮತ್ತು ಹಿಂದಿನ ಬೆಂಚಿನಲ್ಲಿ ಶಾಲು ಹೊದ್ದು ಕುಳಿತ ಮತ್ತಿಘಟ್ಟದ ತಿಮ್ಮಣ್ಣ ಭಟ್ಟರು. ಭಟ್ಟರು ತಾಳಮದ್ದಳೆಯ ಹಳೆಯ ಅರ್ಥಧಾರಿ. ವೇಷವಿಲ್ಲದೆ ಕುಳಿತು, ಪಾತ್ರದ ಪರವಾಗಿ ಸ್ವಂತ ಮಾತಿನಲ್ಲಿ ವಾದಿಸುವುದರಲ್ಲಿ ಪಳಗಿದವರು. ತರಗತಿಯ ಶ್ರೀಧರ ಅವರ ಮೊಮ್ಮಗ.

ಆ ತಿಂಗಳು ನಾನು ಕಲಿಸುತ್ತಿದ್ದದ್ದು ಒಂದು ಹಳೆಯ ದುರಂತ ನಾಟಕ. ಬೇರೆ ದೇಶದ್ದು, ಕನ್ನಡಕ್ಕೆ ಬಂದದ್ದು. ಕೋಟೆಗೆ ಮುತ್ತಿಗೆ ಬಿದ್ದಿದೆ. ರಾತ್ರಿ ಬಾಗಿಲು ತೆರೆದವರಿಗೆ ಮರಣ ಎಂದು ರಾಜ ಸಾರಿದ್ದಾನೆ. ಹೊರಗೆ ಉಳಿದ ಗಾಯಾಳು ಸೈನಿಕರಿಗಾಗಿ ಅವನ ಮಗಳೇ ಬಾಗಿಲು ತೆರೆಯುತ್ತಾಳೆ. ರಾಜ ಅವಳನ್ನು ಕೊಲ್ಲಿಸುತ್ತಾನೆ, ಕೊನೆಗೆ ಒಬ್ಬನೇ ಉಳಿಯುತ್ತಾನೆ.

ಆ ಶನಿವಾರಕ್ಕೆ ಮುಂಚೆಯೇ, ಪದ್ಧತಿಯಂತೆ ಮೊದಲು ವಾಚನ, ಆಮೇಲೆ ಕಠಿಣ ಪದಗಳ ಅರ್ಥ, ಆಮೇಲೆ ಪ್ರಶ್ನೋತ್ತರ ಮುಗಿಸಿದ್ದೆ. ಯಾರಿಗೂ ದುಃಖವಾದಂತೆ ಕಾಣಲಿಲ್ಲ.

“ಕಾಯ್ದೆ ಮಾಡಿದಾವ ಅವನ ಅಲ್ರಿ ಸರ್? ಮಾಫಿ ಮಾಡಿದ್ರ ಕೇಳಾವ್ರು ಯಾರು?” ಎಂದಳು ಎಕ್ಕಂಬಿಯ ರೈತರ ಮನೆಯ ಸಾವಿತ್ರಿ.

“ಎಲ್ಲಾ ಸತ್ರೆ ಕಡೆಗೆ ಮಂಗಳ ಹಾಡೋರು ಯಾರು ಸರ್?” ಎಂದ ಶ್ರೀಧರ. ತರಗತಿ ನಕ್ಕಿತು.

“ವಿಧಿ” ಎಂದು ಹೇಳಿ ಬರೆಸಿದೆ. ಅವರು ಬರೆದುಕೊಂಡರು. ಆದರೆ ಸಾವಿತ್ರಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿಜವಾಗಿ ಅವನು ಯಾಕೆ ಕ್ಷಮಿಸಲಿಲ್ಲ? ನಮ್ಮ ಮಕ್ಕಳಿಗೆ ತಿಳಿದ ದಾರಿಯಲ್ಲೇ ನೋಡೋಣವೆಂದು ಆ ದೃಶ್ಯವನ್ನು ತಾಳಮದ್ದಳೆಯಂತೆ ನಡೆಸಲು ನಿರ್ಧರಿಸಿದೆ. ಕಥೆಯ ಕೊನೆ ಬದಲಾಗಬಾರದು, ಮಾತು ಅವರದೇ. ಶ್ರೀಧರ ರಾಜ, ಸಾವಿತ್ರಿ ಮಗಳು.

ಸುದ್ದಿ ಮತ್ತಿಘಟ್ಟಕ್ಕೂ ಮುಟ್ಟಿತು. ಶನಿವಾರ ಭಟ್ಟರು ಬಂದವರೇ ಮೊಮ್ಮಗನಿಗೆ ನನ್ನೆದುರೇ ಹೇಳಿದರು: “ತಮಾ, ಇವತ್ತು ಮಾತಲ್ಲಿ ಸೋಲದ್ದೇ ನಿಂತ್ರೆ ಸಂಕ್ರಾಂತಿ ಕೂಟಕ್ಕೆ ಎನ್ನ ಪಕ್ಕ ಕೂರ್ಸ್ತೆ.” ತಾಳಮದ್ದಳೆಯ ಕೂಟದಲ್ಲಿ ಅಜ್ಜನ ಪಕ್ಕದ ಆ ಜಾಗಕ್ಕಾಗಿ ಹುಡುಗ ಎಷ್ಟೋ ವರ್ಷದಿಂದ ಕಾಯುತ್ತಿದ್ದ. ಅವನ ಕಿವಿ ಕೆಂಪಾಯಿತು.

ಎರಡು ಬೆಂಚುಗಳನ್ನು ಎದುರುಬದುರು ಹಾಕಿದೆವು. ಶ್ರೀಧರ ಅಜ್ಜನ ಧಾಟಿಯಲ್ಲೇ ಶುರು ಮಾಡಿದ: “ಮಗಳೇ, ನಾನು ಮೊದಲು ರಾಜ, ಅನಂತರ ತಂದೆ.”

“ಹಂಗಾದ್ರ ರಾಜನ್ನ ಕೇಳ್ತೀನಿ,” ಎಂದಳು ಸಾವಿತ್ರಿ. “ತೆಗೀಬಾರದು ಅಂದ್ರ ಬಾಗಲಾ ಯಾಕ ಇಡಿಸಿದಿ? ಗೋಡೀನ ಕಟ್ಟಿಸಬೇಕಿತ್ತು.”

“ಬಾಗಿಲು ಹಗಲಿಗೆ, ಮಗಳೇ. ಗೋಡೆ ರಾತ್ರಿಗೆ,” ಎಂದ ಶ್ರೀಧರ. ಹಿಂದಿನಿಂದ ಭಟ್ಟರು “ಹ್ಞೂಂ” ಎಂದು ತಲೆದೂಗಿದರು.

“ಆ ಸೈನಿಕರು ಯಾರ ಅಪ್ಪಣೆ ಮ್ಯಾಲೆ ಹೊರಗ ಹೋಗಿದ್ರು?”

“ನನ್ನ ಅಪ್ಪಣೆಯ ಮೇಲೆ.”

“ಹೋಗ್ರಿ ಅಂದಾವನೂ ನೀನ, ಒಳಗ ಬರಬ್ಯಾಡ್ರಿ ಅಂದಾವನೂ ನೀನ. ನಿನ್ನ ಮಾತು ನಂಬಿ ಹೋದವರನ್ನ ಒಳಗ ಕರಕೊಂಡೆ. ನಾ ಮಾಡಿದ್ದು ತಪ್ಪೇನು?”

ಶ್ರೀಧರ ಬಾಯಿ ತೆರೆದ. ತುಟಿಯ ಮೇಲೆ ಏನೋ ಬಂದದ್ದು ನನಗೆ ಕಂಡಿತು. ಇಂಥ ಇಕ್ಕಟ್ಟಿನಲ್ಲಿ ಶ್ಲೋಕವೊಂದನ್ನು ಎಳೆದು ತಂದು ಮಾತು ತಿರುಗಿಸುವುದು ಯಾವ ಅರ್ಥಧಾರಿಗೂ ಬರುತ್ತದೆ. ಭಟ್ಟರು ನೆನಪಿಸುವವರಂತೆ ಬೆರಳಿನಿಂದ ಬೆಂಚು ಕುಟ್ಟಿದರು. ಹುಡುಗ ಸಾವಿತ್ರಿಯನ್ನೇ ನೋಡುತ್ತ ಕುಳಿತ. ಬಾಯಿ ಮುಚ್ಚಿಕೊಂಡ.

ಆಮೇಲೆ ಹೇಳಿದ: “ಉತ್ತರವಿಲ್ಲ ಮಗಳೇ. ನೀನು ಹೇಳಿದ್ದೇ ಸರಿ.”

ಇವನು ಕಥೆ ಮರೆತು ಕ್ಷಮಿಸಿಯೇ ಬಿಡುತ್ತಾನೆ ಎಂದುಕೊಂಡೆ. ಅವನು ಬಾಗಿಲ ಕಡೆ ತಿರುಗಿ, ಅಲ್ಲಿ ಕಾವಲಿನವರಿದ್ದಾರೆ ಎನ್ನುವಂತೆ, ತಗ್ಗಿದ ದನಿಯಲ್ಲಿ, “ಕರೆದುಕೊಂಡು ಹೋಗಿ,” ಎಂದ.

“ಸರಿ ಅಂದ ಮ್ಯಾಲೂ?” ಸಾವಿತ್ರಿ ಕೇಳಿದಳು. ಅದು ಪಾತ್ರದ ಮಾತೋ ಅವಳದೋ ತಿಳಿಯಲಿಲ್ಲ.

ಶ್ರೀಧರ ತಲೆ ಎತ್ತಲಿಲ್ಲ. ಮಂಗಳದ ಮಾತಿಗೆ ನಕ್ಕಿದ್ದ ಅದೇ ತರಗತಿಯಲ್ಲಿ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಲಂಗದ ತುದಿಯಿಂದ ಮೂಗು ಒರೆಸಿಕೊಂಡಳು. ಗಂಟೆ ಹೊಡೆದ ಮೇಲೂ ಯಾರೂ ಬೇಗ ಏಳಲಿಲ್ಲ.

ಉಳಿದ ಮಕ್ಕಳು ಹೋದ ಮೇಲೆ ಭಟ್ಟರು ಮೊಮ್ಮಗನ ಮುಂದೆ ಬಂದರು. “ಸಾಯೋ ಪಾತ್ರ ಆದ್ರೂ ಉತ್ತರ ಕೊಟ್ಟೇ ಸಾಯಬೇಕು. ನೀ ಎಂತಕ್ಕೆ ಬಾಯಿ ಮುಚ್ಚಿದೆ? ಒಂದೂ ಹೊಳೆದ್ದಿಲ್ಯ?”

“ಹೊಳೆದಿತ್ತು ಅಜ್ಜ. ಹೇಳಿದ್ರೆ ರಾಜ ಮಾಡಿದ್ದೇ ಸರಿ ಅಂತ ಆಗೋಗ್ತಿತ್ತು.”

ಭಟ್ಟರು ಶಾಲು ಸರಿಪಡಿಸಿಕೊಂಡರು. “ಹಾಂಗಾರೆ ಸಂಕ್ರಾಂತಿಗೆ ಬ್ಯಾಡ. ನಮ್ಮ ಕೂಟಕ್ಕೆ ಉತ್ತರ ಕೊಡವನೇ ಬೇಕು.” ಸಿಟ್ಟಿರಲಿಲ್ಲ, ನಿಯಮ ಹೇಳಿದರು ಅಷ್ಟೆ. ಬಾಗಿಲ ತನಕ ಹೋದವರು ನಿಂತು ನನ್ನನ್ನು ಕೇಳಿದರು: “ಮಾಸ್ತರ್ರೇ, ಆ ರಾಜ ಮತ್ತೆ ಎಷ್ಟು ವರ್ಷ ಬದುಕಿದ್ದ?”

“ನಾಟಕದಲ್ಲಿ ಹೇಳಿಲ್ಲ ಭಟ್ಟರೇ.”

“ಹೇಳಬೇಕಾಗಿತ್ತು,” ಎಂದು ಮೆಟ್ಟಿಲಿಳಿದರು.

ಆಮೇಲೆ ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲೂ ಆ ಪಾಠ ಮಾಡಿದೆ. ರಾಜ ಯಾಕೆ ಕ್ಷಮಿಸಲಿಲ್ಲವೆಂದು ಮಕ್ಕಳು ಕೇಳಿದರೆ ವಿಧಿ ಎಂದು ಬರೆಸುವುದನ್ನು ಮಾತ್ರ ಬಿಟ್ಟೆ. ತಪ್ಪೆಂದು ತಿಳಿದೂ ಮನುಷ್ಯ ಅದನ್ನೇ ಯಾಕೆ ಮಾಡುತ್ತಾನೆ ಎಂಬುದು ನಿವೃತ್ತನಾದ ಮೇಲೂ ನನಗೆ ಪೂರ್ತಿ ತಿಳಿದಿಲ್ಲ.

ಆ ದಿನ ಶ್ರೀಧರ ಅಜ್ಜನ ಹಿಂದೆ ಹೋಗದೆ ಉಳಿದು, ಬೆಂಚಿನ ಒಂದು ತುದಿ ಹಿಡಿದ. ಇನ್ನೊಂದನ್ನು ನಾನು ಹಿಡಿದೆ.

“ಬೇಜಾರಾಯ್ತೇನೋ?” ಎಂದೆ.

“ಆಯ್ತು ಸರ್,” ಎಂದ, ಮುಚ್ಚಿಡದೆ.

ಬೆಂಚುಗಳನ್ನು ಸಾಲಿಗೆ ತಂದೆವು. ಸೋಮವಾರಕ್ಕೆಂದು ನಾನು ಮೊದಲೇ ಹಲಗೆಯ ಮೇಲೆ ಬರೆದಿಟ್ಟಿದ್ದ ‘ದುರಂತ ನಾಟಕದ ಲಕ್ಷಣಗಳು’ ಹಾಗೇ ಇತ್ತು. ಒರೆಸಿದೆ. ಅವನು ಕಿಟಕಿ ಹಾಕಿದ, ನಾನು ಬೀಗ ಹಾಕಿ ಬೀಗದ ಕೈಯನ್ನು ಜವಾನನಿಗೆ ಕೊಟ್ಟೆ.