ಶಮೀಮ್ ಆಪಾ ಓದಿಸಿದ ಚೀಟಿ

ಶಮೀಮ್ ಆಪಾ ನನ್ನನ್ನು ಒಂದು ದಿನವೂ ‘ಚೆನ್ನಾಗಿದ್ದೀರಾ’ ಎಂದು ಕೇಳಿದವರಲ್ಲ. ಎದುರು ಸಿಕ್ಕರೆ ಕಣ್ಣನ್ನೇ ದಿಟ್ಟಿಸಿ, ಎಷ್ಟು ಗಂಟೆ ನಿದ್ದೆ ಮಾಡಿದಿರಿ ಎನ್ನುತ್ತಿದ್ದರು. ಶಿಡ್ಲಘಟ್ಟದ ನಮ್ಮ ಬೀದಿಯ ಕೊನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಅವರಿಗೆ ಕೆಲಸ. ದಿನವಿಡೀ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

ಮೂವತ್ತರ ಆಸುಪಾಸಿನಲ್ಲಿ ನನಗೆ ಮನಸ್ಸಿನ ಕಾಯಿಲೆ ಬಂತು. ಯಾರೂ ಇಲ್ಲದ ಕಡೆ ದನಿ ಕೇಳಿಸುತ್ತಿತ್ತು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದೆ. ನಾನು ಪಾಠ ಮಾಡುವ ಶಾಲೆಗೆ ಟೈಫಾಯ್ಡ್ ಎಂದು ತಿಳಿಸಿದ್ದೆವು, ಬೀದಿಯೂ ನಂಬಿತ್ತು. ಆಪಾ ಮಾತ್ರ ಮನೆಗೆ ಬಂದು, ನನ್ನ ಕಣ್ಣು ನೋಡಿಯೇ ಗುರುತಿಸಿ, ಪಕ್ಕದಲ್ಲಿ ಕೂತು, ನನಗೂ ಇದೇ ಕಾಯಿಲೆ, ಹದಿನೈದು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ ಎಂದರು.

“ವಾಸಿ ಆಯ್ತು ಅನ್ಸುತ್ತಲ್ಲ, ಆವಾಗ್ಲೇ ಹುಷಾರಾಗಿರ್ಬೇಕು ಟೀಚರಮ್ಮ. ನಾನು ಎರಡು ಸಲ ಅಲ್ಲೇ ಬಿದ್ದಿದೀನಿ.”

ಕಾಯಿಲೆಗೆ ಮುಂಚೆ ನನಗೆ ಏನೇನಾಗಿತ್ತೆಂದು ಕೇಳಿ, ಎಲ್ಲವನ್ನೂ ಒಂದು ಚೀಟಿಯಲ್ಲಿ ನನ್ನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ ತಾವೇ ಇಟ್ಟುಕೊಂಡರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಎರಡು ವರ್ಷ ಚೆನ್ನಾಗಿತ್ತು. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತದೆಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಮೊದಲು ಹಗುರವೆನಿಸಿತು. ಆಮೇಲೆ ನಿದ್ದೆ ಬಾರದಾಯಿತು. ಗಂಡ ಕೊಟ್ಟ ಕಾಫಿಯಲ್ಲಿ ಏನೋ ವಾಸನೆ ಬರತೊಡಗಿತು. ಒಂದು ಬೆಳಿಗ್ಗೆ, ಹೊರಟು ಬಾ ಎಂದು ಆ ದನಿ ಬಿಡದೆ ಕರೆಯಿತು. ಬಸ್ ನಿಲ್ದಾಣಕ್ಕೆ ಓಡಿ ಕೈವಾರದ ಬಸ್ಸು ಹತ್ತಿ ಕೂತೆ. ಹಿಂದೆಯೇ ಬಂದ ಗಂಡ ಮೆಟ್ಟಿಲ ಮೇಲೆ ಕಾಲಿಟ್ಟರೆ, ವಿಷ ಹಾಕ್ತಾರೆ ಎಂದು ಅರಚಿದೆ. ಅವರು ಕೆಳಗೇ ನಿಂತು ಆಪಾಗೆ ಫೋನ್ ಮಾಡಿದರು.

ಆಪಾ ಕೆಲಸದ ಸೀರೆಯಲ್ಲೇ ಏದುಸಿರು ಬಿಡುತ್ತ ಬಂದು ನನ್ನ ಪಕ್ಕ ಕೂತರು. ಕೈ ಹಿಡಿಯಲಿಲ್ಲ. ದನಿ ಸುಳ್ಳೆಂದೂ ಹೇಳಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಚೀಟಿ ತೆಗೆದು ಕೊಟ್ಟರು.

“ನಂಗೆ ಓದಕ್ಕೆ ಬರಲ್ಲ. ನೀವೇ ಓದಿ ಹೇಳಿ.”

ಡ್ರೈವರ್ ಎಂಜಿನ್ ಚಾಲೂ ಮಾಡಿದ. ನಾನು ಓದಿದೆ: ‘ನಾನು ನಿದ್ದೆ ಬಿಟ್ಟು, ಗಂಡನ ಮೇಲೆ ಅನುಮಾನ ಪಟ್ಟರೆ ಕಾಯಿಲೆ ತಿರುಗಿ ಬಂದಿದೆ. ಆಗ ನಾನು ಏನೇ ಹೇಳಿದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.’

ಯಾರು ಬರೆದಿದ್ದು ಎಂದು ಕೇಳಿದೆ. ನೀವೇ ನೋಡಿ ಎಂದರು. ಅಕ್ಷರ ನನ್ನದು, ಸಹಿ ನನ್ನದು. ಕಂಡಕ್ಟರ್ ಸೀಟಿ ಊದಿದ. ಇಳಿಯಬೇಡ, ಇಳಿಯಬೇಡ ಎಂದು ದನಿ ಹೇಳುತ್ತಲೇ ಇತ್ತು. ನಾನು ಎದ್ದೆ. ಅಲ್ಲಿಂದಲೇ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ಆಸ್ಪತ್ರೆ ತಲುಪುವವರೆಗೂ ಅವರ ಸೆರಗು ಬಿಡಲಿಲ್ಲ.

ಕಳೆದ ಚಳಿಗಾಲ ಆಪಾಗೆ ಉಸಿರಾಟದ ತೊಂದರೆ ವಿಪರೀತವಾಯಿತು. ನೋಡಲು ಹೋದಾಗ, ಹಿಂದಿನ ಬೀದಿಯ ಹುಡುಗಿಯೊಬ್ಬಳು ಇದೇ ಕಾಯಿಲೆಯಿಂದ ಆಸ್ಪತ್ರೆ ಸೇರಿ ಈಗ ಮನೆಗೆ ಬಂದಿದ್ದಾಳೆ, ನೀವು ಹೋಗಿ ಎಂದರು. ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಶಾಲೆಗೂ ಗೊತ್ತಾಗುತ್ತದೆ ಎಂದೆ. ಅವರು ಒತ್ತಾಯಿಸಲಿಲ್ಲ.

“ವಾಸಿ ಆಗ್ತದೆ ಅಂತ... ಆ ಹುಡುಗಿಗೆ ಗೊತ್ತಿಲ್ಲ, ಟೀಚರಮ್ಮ.”

ಮುಂದಿನ ವಾರ ಆಪಾ ತೀರಿಕೊಂಡರು.

ಮಣ್ಣಾದ ಮೂರನೇ ದಿನ ಆ ಹುಡುಗಿಯ ಮನೆಗೆ ಹೋದೆ. ತಾಯಿ ಬಾಗಿಲು ಅರ್ಧವೇ ತೆರೆದು, ಮಗಳು ಮಲಗಿದ್ದಾಳೆ ಎಂದರು. ಪಕ್ಕದ ಜಗಲಿಯಲ್ಲಿ ಇಬ್ಬರು ಹೆಂಗಸರು ಹೂ ಕಟ್ಟುತ್ತಿದ್ದರು.

“ನಂಗೂ ಇದೇ ಕಾಯಿಲೆ ಇದೆ ಕಣಮ್ಮ,” ಎಂದೆ.

ಹೂ ಕಟ್ಟುವ ಕೈಗಳು ನಿಂತವು. ತಾಯಿ ನನ್ನನ್ನೇ ನೋಡಿದರು. ಆಮೇಲೆ ಬಾಗಿಲು ಪೂರ್ತಿ ತೆರೆದರು.