ಜಾಂಬೋಟಿ ದಾರಿಯಲ್ಲಿ ಉಳಿದ ಗುಟುಕು

ಗೆಳೆಯರೇ, ಇವತ್ತು ನಾನು ಮತ್ತು ನನ್ನ ಹೆಂಡತಿ ಅನಗೋಳದಿಂದ ಜಾಂಬೋಟಿಗೆ ಸೈಕಲ್ ತುಳಿದೆವು. ಕಟ್ಟಿಕೊಂಡಿದ್ದು ಎರಡು ಚಪಾತಿ, ಒಂದೇ ಬಾಟಲಿ ನೀರು. ಅರ್ಧ ದಾರಿಗೇ ಚಪಾತಿ ಮುಗಿದು, ನೀರು ಒಂದು ಗುಟುಕು ಉಳಿಯಿತು.

ಅವಳು ಬಾಟಲಿಯನ್ನು ಬಾಯಿಗಿಟ್ಟು ನನಗೆ ಕೊಟ್ಟಳು. ನಾನೂ ಬಾಯಿಗಿಟ್ಟು ವಾಪಸು ಕೊಟ್ಟೆ. ನೀರು ಹಾಗೇ ಇತ್ತು!

“ನಿನ್ನ ಗಂಟಲ ಅಳ್ಳಾಡಲೇ ಇಲ್ಲ. ಖರೇ ಹೇಳು, ಕುಡದಿಯೇನ?” ಎಂದೆ.

“ನೀವರ ಕುಡದೀರೇನ್ರಿ? ಮೀಸಿ ಸುದ್ದಾ ಹಸಿ ಆಗಿಲ್ಲ!” ಎಂದಳು.

ಜಗಳವಾಡುತ್ತಲೇ ಜಾಂಬೋಟಿ ಮುಟ್ಟಿ, ಚಹಾದಂಗಡಿಯಲ್ಲಿ ಹೊಟ್ಟೆ ತುಂಬ ನೀರು ಕುಡಿದೆವು. ಆ ಬಾಟಲಿಯನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ.

ಈಗ ಅದು ನಮ್ಮ ಅಡುಗೆಮನೆಯಲ್ಲಿದೆ, ಗುಟುಕಿನ ಸಮೇತ. ಯಾರೂ ಸೋಲಲು ತಯಾರಿಲ್ಲ. ಇಬ್ಬರೂ ತಂಬಿಗೆಯಲ್ಲೇ ಕುಡಿಯುತ್ತಿದ್ದೇವೆ.