ಸದಾಶಿವಯ್ಯನವರ ತಟ್ಟೆ

ಸದಾಶಿವಯ್ಯನವರು ಉಂಡೆದ್ದ ತಟ್ಟೆಯನ್ನು ತೊಳೆಯುವ ಕೆಲಸವೇ ಇರುತ್ತಿರಲಿಲ್ಲ. ಲಿಂಗಪೂಜೆ ಮುಗಿಸಿ ಕೂತರೆ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ, ಒಂದಗುಳೂ ಬಿಡುವಂತಿಲ್ಲ. ಕೊನೆಗೆ ತಟ್ಟೆಗೆ ನೀರು ಸುರಿದು, ಬೆರಳಲ್ಲಿ ಸವರಿ, ಆ ನೀರನ್ನೂ ಕುಡಿದೇ ಏಳುತ್ತಿದ್ದರು. ದೇವರಾಜ ಮೊಹಲ್ಲಾದಲ್ಲಿ ಅವರದು ತಕ್ಕಡಿ ರಿಪೇರಿಯ ಅಂಗಡಿ. ತರಕಾರಿಯವರದೋ ಹೂವಿನವರದೋ, ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಅದನ್ನು ಸರಿಮಾಡಿ ಸರ್ಕಾರಿ ತೂಕದ ಸೀಲು ಹಾಕಿಸುವವರೆಗೆ ಅವರಿಗೆ ಸಮಾಧಾನವಿಲ್ಲ.

ಇಂಥವರಿಗೆ ಅನ್ನ ಇಳಿಯುತ್ತಿಲ್ಲ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯದೆ ಹೋದದ್ದು ಆ ತಟ್ಟೆಯಿಂದಲೇ. ೨೦೦೩ರ ಬೇಸಿಗೆಯಲ್ಲಿ ಎರಡು ಮುದ್ದೆ ಒಂದಾಯಿತು, ಒಂದು ಅರ್ಧವಾಯಿತು. "ಬಿಸಿಲು ಕಣೇ, ಸಾಕು" ಎಂದರೆ ಹೆಂಡತಿ ಮಹದೇವಮ್ಮ ನಂಬಿದರು. ತಟ್ಟೆ ಮಾತ್ರ ಎಂದಿನಂತೆ ಫಳಫಳ. ಅಷ್ಟು ಚೊಕ್ಕವಾಗಿ ಉಂಡವರಿಗೆ ಕಾಯಿಲೆ ಎಂದು ಯಾರು ತಾನೇ ಅಂದುಕೊಂಡಾರು?

ಸೊಸೆ ಬಿಂದುಶ್ರೀಗೆ ಅನುಮಾನ ಬಂದದ್ದು ಬೇರೊಂದು ಬಟ್ಟಲಿನಿಂದ. ಎಂಟು ತಿಂಗಳ ಮಗಳು ಲಾಸ್ಯಳಿಗೆ ರಾಗಿ ಸರಿ ತಿನ್ನಿಸಿ, ಎಷ್ಟು ತಿಂದಳು, ಎಷ್ಟು ಬಿಟ್ಟಳು ಎಂದು ಬರೆದಿಡುವುದು ಅವಳ ಅಭ್ಯಾಸ. ಅರ್ಧ ಉಳಿಯಿತು ಎಂದು ಬರೆದು ಬರುವಷ್ಟರಲ್ಲಿ ಬಟ್ಟಲು ಖಾಲಿ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಮಾವ ಸಿಕ್ಕಿಬಿದ್ದರು, ಮೀಸೆಯ ತುಂಬ ಸರಿ.

"ಮಗು ಬುಟ್ಟಿತ್ತು ಕಣಮ್ಮ. ಬಿಸಾಕೋದ್ಯಾಕೆ ಅಂತ..."

"ಮಾವ, ಮುದ್ದೆ ಇಳೀತಿಲ್ವಾ?"

ಅವರು ಮೀಸೆ ಒರೆಸಿಕೊಂಡರು.

ಆಸ್ಪತ್ರೆಯಲ್ಲಿ ನೋಡಿ ಅನ್ನನಾಳದ ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿ ಗಡ್ಡೆ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಉಳಿದ ನಾಳಕ್ಕೆ ಸೇರಿಸಿ ಹೊಲಿದರು. ಕೆಲವು ವಾರಗಳ ಮೇಲೆ ಡಾಕ್ಟರಮ್ಮ ಬಿಂದುಶ್ರೀಯನ್ನು ಕೂರಿಸಿಕೊಂಡು ಇನ್ನೊಂದು ರಿಪೋರ್ಟು ತೆಗೆದರು.

"ಗಡ್ಡೆಯ ಚೂರಿಗೆ ಬಣ್ಣ ಹಾಕಿ ಒಂದು ಪ್ರೋಟೀನ್ ನೋಡಿದ್ವಿ. ಬೇಳೆಯಲ್ಲಿರುತ್ತಲ್ಲ, ಅದಲ್ಲ, ಕ್ಯಾನ್ಸರ್ ಕಣದೊಳಗಿನದು. ನೂರು ಕಣದಲ್ಲಿ ಎಪ್ಪತ್ತಕ್ಕೆ ಬಣ್ಣ ಹಿಡಿದಿದೆ. ಹೀಗೆ ಜಾಸ್ತಿ ಇರೋರಲ್ಲಿ ಕಾಯಿಲೆ ಬೇಗ ತಿರುಗಿ ಬರೋದು ಹೆಚ್ಚು ಅಂತಾರೆ."

"ಬಂದೇ ಬರುತ್ತಾ ಮೇಡಂ?"

"ಹಾಗೆ ಹೇಳಕ್ಕಾಗಲ್ಲ. ಇದರ ಬಗ್ಗೆ ಇನ್ನೂ ಅಧ್ಯಯನ ನಡೀತಾನೇ ಇದೆ. ನುಂಗೋದು ಕಷ್ಟ ಆದ ದಿನವೇ ಕರ್ಕೊಂಡು ಬನ್ನಿ, ಕಾಯಬೇಡಿ."

"ಅಪ್ಪನಿಗೆ ಹೇಳೋದು ಬೇಡ" ಎಂದ ಗಂಡ ಮಹದೇವಪ್ರಸಾದ್. ಬಿಂದುಶ್ರೀ ಆ ಕಾಗದವನ್ನು ಮಗುವಿನ ಲಸಿಕೆ ಕಾರ್ಡಿನ ಕವರಿನಲ್ಲಿ ಮಡಿಸಿಟ್ಟಳು. ಕಾಗದ ಅಲ್ಲಿ ಉಳಿಯಿತು, ಎಪ್ಪತ್ತೆಂಬ ಅಂಕಿ ಉಳಿಯಲಿಲ್ಲ. ಒಗ್ಗರಣೆ ಹಾಕುವಾಗ ಬರುತ್ತಿತ್ತು, ಮಗುವಿಗೆ ನೀರು ಹುಯ್ಯುವಾಗ ಬರುತ್ತಿತ್ತು. ಮಾವ ಊಟಕ್ಕೆ ಕೂತರೆ ಅವಳ ಕಣ್ಣು ಅವರ ಗಂಟಲ ಮೇಲೆಯೇ.

"ಏನಮ್ಮ, ನನ್ನ ಗಂಟ್ಲಿಗೆ ಕಾವಲು ಕೂತಿದೀಯಾ? ಸಂಬಳ ಯಾರು ಕೊಡ್ತಾರೆ?" ಎಂದು ಅವರು ನಗಿಸುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಅಂದರು: "ಇವತ್ತು ಅರ್ಧ ಸಾಕು."

ಯಾಕೆಂದು ಬಿಂದುಶ್ರೀ ಕೇಳಿದರೆ ಹಸಿವಿಲ್ಲ ಎಂದರು. ತಟ್ಟೆ ಮತ್ತೆ ಫಳಫಳ. ಮರುದಿನವೂ ಅರ್ಧವೇ, ಆಗಲೂ ಫಳಫಳ. ಮೂರನೆಯ ದಿನ ಅವಳು ಇಡೀ ಮುದ್ದೆಯನ್ನೇ ಬಡಿಸಿ ಎದುರಿಗೆ ಕೂತಳು.

"ಮಾವ, ಇಳೀದಿದ್ರೆ ತಟ್ಟೇಲೇ ಬಿಟ್ಬುಡಿ."

"ಏನೇ ಅದು!" ಮಹದೇವಮ್ಮ ಸೌಟು ಹಿಡಿದೇ ಬಂದರು. "ಪ್ರಸಾದ ಬಿಡಿ ಅಂತೀಯಲ್ಲ, ಈ ಮನೇಲಿ ಯಾರಾದ್ರೂ ಅಂದಿದ್ದುಂಟಾ?"

"ಉಳಿದದ್ದು ನಾನು ತಿಂತೀನಿ ಅತ್ತೆ, ಹಾಳಾಗಲ್ಲ. ಖಾಲಿ ತಟ್ಟೆ ನೋಡಿದ್ರೆ ನಂಗೇನೂ ಗೊತ್ತಾಗಲ್ಲ."

ಸದಾಶಿವಯ್ಯನವರು ಸೊಸೆಯನ್ನೇ ನೋಡಿದರು. "ಸರಿ. ಹಂಗಾದ್ರೆ ನೀನೂ ತೆಗಿ, ಮಗು ಕಾರ್ಡಿನ ಜೊತೆ ಇಟ್ಟಿದೀಯಲ್ಲ, ಅದನ್ನ. ಕಂಡಿದೀನಿ. ಇಂಗ್ಲಿಷು, ತಿಳೀಲಿಲ್ಲ."

ಅವಳು ತಂದಳು. ಬಣ್ಣ, ಕಣ, ಎಪ್ಪತ್ತು, ಏನನ್ನೂ ಮುಚ್ಚಿಡದೆ ಹೇಳಿದಳು. ಮಹದೇವಮ್ಮ ಅಲ್ಲೇ ಗೋಡೆಗೊರಗಿ ಕೂತರು.

"ಬೇರೆಯವರನ್ನ ತೂಗಿ ನನ್ನ ತೂಕ ಹೇಳ್ತಾರೇನಮ್ಮ?"

"ಅಂದಾಜು ಹೇಳ್ತಾರೆ ಮಾವ."

"ಅಂದಾಜಿಗೆ ನಾನು ಯಾವತ್ತೂ ಸೀಲು ಹಾಕ್ಸಿಲ್ಲ" ಎಂದರು. ಕಾಗದವನ್ನು ಮಡಿಸಿ ಅವಳ ಕೈಗೆ ಕೊಟ್ಟರು.

ಆಮೇಲೆ ಉಂಡರು, ಚಿಕ್ಕ ಚಿಕ್ಕ ತುತ್ತು. ನಿಂಬೆಹಣ್ಣಿನಷ್ಟು ಮುದ್ದೆ ಉಳಿದಾಗ ಅವರ ಕೈ ಅದರ ಮೇಲೆ ಬಹಳ ಹೊತ್ತು ನಿಂತಿತು. ನೀರಿನ ಲೋಟ ಮುಟ್ಟಲಿಲ್ಲ. ಎದ್ದುಬಿಟ್ಟರು.

ಬಿಂದುಶ್ರೀ ತಟ್ಟೆಯನ್ನು ಹತ್ತಿರಕ್ಕೆಳೆದು ಆ ತುತ್ತನ್ನು ಬಾಯಿಗಿಟ್ಟಳು. ನುಂಗಿ, ಕೈ ತೊಳೆದು, ಮಗುವಿಗೆ ಎರಡು ಲಂಗೋಟಿ ಚೀಲಕ್ಕೆ ಹಾಕಿಕೊಂಡು ಆಟೋ ಕರೆಯಲು ಹೊರಟಳು.

ಆಸ್ಪತ್ರೆಯಲ್ಲಿ ಮರುದಿನ ಗಂಟಲೊಳಗೆ ನಳಿಗೆ ಇಳಿಸಿ ನೋಡಿದರು. "ಹೊಲಿಗೆ ಹಾಕಿದ ಜಾಗ ಮಾಯುವಾಗ ಬಿಗಿದುಕೊಂಡಿದೆ" ಎಂದರು ಡಾಕ್ಟರಮ್ಮ. "ಅಗಲ ಮಾಡಿದೀವಿ. ಒಳ್ಳೇ ಸಮಯಕ್ಕೆ ಬಂದ್ರಿ. ಗಡ್ಡೆ ಕಾಣ್ತಿಲ್ಲ, ಈ ಸಲ."

'ಈ ಸಲ' ಎಂಬ ಆ ಕೊನೆಯ ಎರಡು ಪದಗಳು ಅವರ ಜೊತೆಗೇ ಆಟೋ ಹತ್ತಿ ಮನೆಗೆ ಬಂದವು.

ಈಗ ಊಟ ಮುಗಿದ ಕೂಡಲೇ ಸದಾಶಿವಯ್ಯನವರು ತಟ್ಟೆಗೆ ನೀರು ಸುರಿಯುವುದಿಲ್ಲ. ಲೋಟ ಕೈಯಲ್ಲಿ ಹಿಡಿದು ಕಾಯುತ್ತಾರೆ.

"ಸುರೀಲೇನಮ್ಮ?"

ತಟ್ಟೆಯಲ್ಲಿ ಏನಾದರೂ ಉಳಿದಿದೆಯೇ ಎಂದು ಬಿಂದುಶ್ರೀ ಬಗ್ಗಿ ನೋಡುತ್ತಾಳೆ. "ಸುರ್ಕೊಳ್ಳಿ ಮಾವ."